ಒಂದು ಬಿಸಿ, ಒಂದು ತಣ್ಣಗೆ

“ಅವನು ಎರಡೂ ಹೋಸ್‌ಗಳನ್ನು ಮುಟ್ಟಿ ನೋಡಿದನೇ?” ಎಂದು ಕೆಳಮನೆಯ ಅಜ್ಜಿ ಕೇಳಿದಾಗ ಯಾವ ಹೋಸ್ ಎಂಬುದೇ ನನಗೆ ಗೊತ್ತಿರಲಿಲ್ಲ. ಉತ್ತರ ಮಾತ್ರ ಗೊತ್ತಿತ್ತು. ಕಾರಿನ ಹೀಟರ್ ಕೆಟ್ಟಿತೆಂದು ತೋರಿಸಿಕೊಂಡು ಬಂದಿದ್ದ ಗ್ಯಾರೇಜಿನವನು ಏನನ್ನೂ ಮುಟ್ಟಿರಲಿಲ್ಲ. ಬಾನೆಟ್ ಎತ್ತಿ ಒಳಗೆ ಇಣುಕಿದ, ಕಾರು ಯಾವ ವರ್ಷದ್ದೆಂದು ಕೇಳಿದ, ಹೋಗಿ ಕಂಪ್ಯೂಟರಿನ ಮುಂದೆ ಕುಳಿತ. ಹೊರಬಂದ ಕಾಗದದಲ್ಲಿ 1,680 ಡಾಲರ್ ಎಂದಿತ್ತು, ತೆರಿಗೆ ಬೇರೆ. ನಾವು ಆ ಕಾರು ಕೊಂಡದ್ದೇ 3,500ಕ್ಕೆ. ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. “ಈ ಕಾರಿಗೆ ಅಷ್ಟು ಸುರಿಯುವುದು ವ್ಯರ್ಥ” ಎಂದ. ಆಮೇಲೆ, “ನಿಮ್ಮ ಯಜಮಾನರ ಜೊತೆ ಮಾತನಾಡಿ ತಿಳಿಸಿ” ಎಂದೂ ಸೇರಿಸಿದ. ನಮ್ಮ ಯಜಮಾನರಿಗೆ ಬಾನೆಟ್ ತೆರೆಯುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಟ್ಟವಳು ನಾನು.

ಕೆನಡಾದ ವಿನ್ನಿಪೆಗ್‌ನ ಜನವರಿಯಲ್ಲಿ ಹೀಟರ್ ಇಲ್ಲದ ಕಾರು ಎಂದರೆ ಬರೀ ಕೈಕಾಲು ಮರಗಟ್ಟುವ ಮಾತಲ್ಲ. ಮೈನಸ್ 30ರ ರಾತ್ರಿ ಇಲ್ಲಿ ಸುದ್ದಿಯೇ ಅಲ್ಲ. ವಾಹನ ನಿಲ್ಲಿಸುವ ಜಾಗಗಳಲ್ಲಿ ವಿದ್ಯುತ್ ಪ್ಲಗ್ ಇರುತ್ತದೆ, ರಾತ್ರಿಯಿಡೀ ಎಂಜಿನ್ನಿಗೆ ತಂತಿ ಸಿಕ್ಕಿಸಿ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಅದು ಕೆಮ್ಮುವುದೂ ಇಲ್ಲ. ಹೀಟರ್ ಕೆಟ್ಟರೆ ನಮ್ಮ ಉಸಿರೇ ನಮಗೆ ಶತ್ರು. ಬಿಟ್ಟ ಉಸಿರು ಮುಂದಿನ ಗಾಜಿನ ಒಳಮೈಗೆ ಹೋಗಿ ಹಿಮವಾಗಿ ಕೂರುತ್ತದೆ. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಅವಧಿ ಮುಗಿದ ಗ್ರಂಥಾಲಯದ ಕಾರ್ಡು, ಕೆರೆಯುತ್ತಾ, ಕೆರೆದ ಪುಡಿ ತೊಡೆಯ ಮೇಲೆ ಉದುರುತ್ತಾ, ಅಂಗೈಯಗಲದ ಕಿಂಡಿಯಲ್ಲಿ ರಸ್ತೆ ನೋಡುತ್ತಾ ರಾತ್ರಿ ಪಾಳಿಗೆ ಹೋಗುತ್ತಿದ್ದೆ. ಊರಿನಲ್ಲಿ ಹೀಟರಿನ ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ತಿರುಗಿಸಿದವರನ್ನೇ ನಾನು ಕಂಡಿಲ್ಲ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಗಾಜು ಮಬ್ಬಾದರೂ ಹಾಸನದವರು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಾರೆಯೇ ಹೊರತು ಅದರ ತಂಟೆಗೆ ಹೋಗುವುದಿಲ್ಲ.

ಕಾರು ಕೆಟ್ಟ ಸುದ್ದಿ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಹಾಕಿದ್ದು ನಾನಲ್ಲ, ಯಜಮಾನರು. ಹತ್ತು ನಿಮಿಷದಲ್ಲಿ ಸಲಹೆಗಳ ಸುರಿಮಳೆ. ಮಾರಿಬಿಡಿ ಎಂದರು ಒಬ್ಬರು. ಕಂತಿನಲ್ಲಿ ಹೊಸದನ್ನು ಕೊಳ್ಳಿ, ಬಡ್ಡಿ ಈಗ ಪರವಾಗಿಲ್ಲ ಎಂದರು ಇನ್ನೊಬ್ಬರು. ಮೂರನೆಯವರು ತಾವು ಬಂದ ಹೊಸದರಲ್ಲಿ ಎರಡು ಚಳಿಗಾಲ ಬಸ್ಸಿನಲ್ಲೇ ಓಡಾಡಿದ ಕಥೆಯನ್ನು, ನಾವು ಕಷ್ಟವನ್ನೇ ಕಾಣದವರೆಂಬ ಧಾಟಿಯಲ್ಲಿ, ಧ್ವನಿಸಂದೇಶದಲ್ಲಿ ಕಳುಹಿಸಿದರು. ಆ ಗುಂಪಿನಲ್ಲಿ ಬಿ.ಇ. ಮೆಕ್ಯಾನಿಕಲ್ ಓದಿದವರು ಕಡಿಮೆಯೇನಿಲ್ಲ. ಕಾರಿನ ಮರುಮಾರಾಟದ ಬೆಲೆ ಎಲ್ಲರಿಗೂ ಬಾಯಿಪಾಠ. ಗಾಳಿ ತಣ್ಣಗೆ ಬರುತ್ತಿದೆಯೋ ಅಥವಾ ಬರುತ್ತಲೇ ಇಲ್ಲವೋ ಎಂಬ ಮೊದಲ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಅಜ್ಜಿ. ನಮ್ಮ ಬಾಡಿಗೆ ಮನೆಯ ನೆಲಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಡಾಫಿನ್ ಕಡೆಯ ಹಳ್ಳಿಯವರು, ನೂರು ವರ್ಷಕ್ಕೂ ಹಿಂದೆ ಉಕ್ರೇನಿನಿಂದ ಬಂದು ಗೋಧಿ ಬೆಳೆದವರ ಕುಲ. ಗಂಡ ಇದ್ದಾಗ ಸುಗ್ಗಿಯಲ್ಲಿ ಧಾನ್ಯದ ಲಾರಿ ಓಡಿಸುತ್ತಿದ್ದವರು. ಅವರ ಬೆರಳುಗಳು ಈಗ ಸಂಧಿವಾತದಿಂದ ಸೊಟ್ಟಗಾಗಿವೆ, ಸ್ವೆಟರಿನ ಗುಂಡಿ ಹಾಕಲು ಒಮ್ಮೊಮ್ಮೆ ನನ್ನನ್ನು ಕರೆಯುತ್ತಾರೆ. ಅಂಥವರು ಮೆಟ್ಟಿಲ ಮೇಲೆ ನಿಂತು, ಫ್ಯಾನ್ ತಿರುಗುತ್ತದೆಯೇ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬರುತ್ತದೆಯೇ, ಒಳಗೆ ಕಾಲಡಿಯ ಹಾಸು ಒದ್ದೆಯಾಗಿದೆಯೇ ಎಂದು ಒಂದೊಂದಾಗಿ ವಿಚಾರಿಸಿ ಕೊನೆಗೆ ಆ ಪ್ರಶ್ನೆ ಹಾಕಿದರು. ಮುಟ್ಟಿ ನೋಡಿದನೇ? ಇಲ್ಲ ಎಂದೆ. “ಹಾಗಾದರೆ ಅವನಿಗೆ ಹೇಗೆ ಗೊತ್ತು?” ಎಂದರು.

ವಿಷಯ ನಿಜಕ್ಕೂ ಸರಳವಾದದ್ದು. ಪೆಟ್ರೋಲ್ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ದಕ್ಕುವುದು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ಶಾಖವನ್ನು ಹೊತ್ತ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸುಮಾರು 90 ಡಿಗ್ರಿಯಲ್ಲಿ ಸುತ್ತುತ್ತಿರುತ್ತದೆ. ಅದರಲ್ಲಿ ಒಂದಿಷ್ಟು ಡ್ಯಾಶ್‌ಬೋರ್ಡಿನ ಹಿಂದಿರುವ, ಪುಸ್ತಕದಷ್ಟು ದಪ್ಪದ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಅದೇ ಹೀಟರ್ ಕೋರ್. ಫ್ಯಾನು ಅದರ ಮೂಲಕ ಗಾಳಿ ಊದಿದರೆ ನಮಗೆ ಬೆಚ್ಚಗಾಗುತ್ತದೆ. ಎ.ಸಿ.ಗೆ ಇಂಧನ ಸುಡಬೇಕು, ಹೀಟರಿಗೆ ಬೇಡ; ಹೇಗಿದ್ದರೂ ಬೀದಿಪಾಲಾಗುವ ಬಿಸಿ ಅದು. ಕೋರಿಗೆ ಹೋಗುವ ಹೋಸ್ ಒಂದು, ಬರುವ ಹೋಸ್ ಒಂದು. ಎಂಜಿನ್ ಬಿಸಿಯಾದ ಮೇಲೆ ಎರಡೂ ಸುಡುತ್ತಿದ್ದರೆ ತೊಂದರೆ ಒಳಗಿನ ಗಾಳಿಬಾಗಿಲಿನಲ್ಲಿದೆ. ಎರಡೂ ಉಗುರುಬೆಚ್ಚಗಿದ್ದು ಮುಳ್ಳೂ ಮೇಲೇರದಿದ್ದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಕವಾಟ, ಥರ್ಮೋಸ್ಟಾಟ್, ತೆರೆದೇ ನಿಂತುಬಿಟ್ಟಿದೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಕೋರಿನೊಳಗೆ ಕಸ ಕಟ್ಟಿಕೊಂಡಿದೆ.

ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿ, ಕೈಗವಸು ತೆಗೆದು ಮುಟ್ಟಿದೆ. ಎಡಗಡೆಯದು ಚುರ್ರೆಂದಿತು. ಅದರಿಂದ ನಾಲ್ಕು ಬೆರಳು ದೂರದಲ್ಲಿದ್ದ ಇನ್ನೊಂದು ರಬ್ಬರ್ ಕೊಳವೆ ಬಾವಿಯ ಹಗ್ಗದಷ್ಟು ತಣ್ಣಗಿತ್ತು. ಒಂದೇ ಕೈಯ ಎರಡು ಬೆರಳುಗಳಿಗೆ ಎರಡು ಬೇರೆ ಸುದ್ದಿ.

ನ್ಯಾಯವಾಗಿ ಹೇಳಬೇಕೆಂದರೆ ಗ್ಯಾರೇಜಿನವನು ಸುಳ್ಳು ಹೇಳಿರಲಿಲ್ಲ. ಅವನೂ ಕೋರ್ ಎಂದೇ ಬರೆದಿದ್ದ. ಆದರೆ ಅವನ ಲೆಕ್ಕದಲ್ಲಿ ಕೋರ್ ಕಟ್ಟಿಕೊಂಡರೆ ಬದಲಿಸಬೇಕು. ಬದಲಿಸಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಇಡೀ ದಿನದ ಕೂಲಿಯಾಗುತ್ತದೆ. ತೊಳೆದು ಕೊಟ್ಟು, ತಿಂಗಳಲ್ಲಿ ಅದು ಮತ್ತೆ ಕಟ್ಟಿಕೊಂಡರೆ ಗಿರಾಕಿ ಬಂದು ಕೂಗಾಡುತ್ತಾನೆ ಎಂಬುದು ಅವನ ಭಯವಿದ್ದೀತು. ಇದನ್ನು ಅಜ್ಜಿಗೆ ಹೇಳಿದರೆ ಒಪ್ಪಲಿಲ್ಲ. ತೊಳೆದು ನೋಡೋಣ, ಆಗದಿದ್ದರೆ ಬದಲಿಸೋಣ ಎನ್ನಲು ಅವನ ನಾಲಿಗೆ ಬಿದ್ದುಹೋಗುತ್ತಿತ್ತೇ ಎಂದು ಕೇಳಿದರು. ನನಗೂ ಹಾಗೆಯೇ ಅನ್ನಿಸುತ್ತದೆ.

ಅಜ್ಜಿಯ ಮೊಮ್ಮಗನ ಬಳಿ ಬೆಚ್ಚಗಿನ ಗ್ಯಾರೇಜು ಇತ್ತು, ಬ್ಯಾಟರಿ ಡ್ರಿಲ್ಲೂ ಇತ್ತು. ನಾವು ಕೊಂಡದ್ದು ಡ್ರಿಲ್ಲಿಗೆ ಸಿಕ್ಕಿಸುವ ಸಣ್ಣ ಪಂಪು, ಎರಡು ಗಜ ಪಾರದರ್ಶಕ ಕೊಳವೆ, ನಾಲ್ಕು ಕ್ಲಾಂಪು, ಒಂದು ಕ್ಯಾನ್ ಕೂಲಂಟ್, ಬಟ್ಟಿ ಇಳಿಸಿದ ನೀರು, ದೊಡ್ಡ ಬಾಟಲಿ ವಿನೆಗರ್. ಎಲ್ಲ ಸೇರಿ 70 ಡಾಲರಿಗೆ ಕಡಿಮೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಅಜ್ಜಿ ರೇಡಿಯೇಟರಿನ ಮುಚ್ಚಳ ಮುಟ್ಟಗೊಡಲಿಲ್ಲ. ಬಿಸಿಯಲ್ಲಿ ತೆರೆದರೆ ಒತ್ತಡಕ್ಕೆ ಕುದಿನೀರು ಮುಖಕ್ಕೇ ಎರಚುತ್ತದೆ. ಮಡಚುಕುರ್ಚಿಯಲ್ಲಿ ಕುಳಿತೇ ಹೇಳುತ್ತಿದ್ದರು: “ಎಳೆಯಬೇಡ, ತಿರುಗಿಸು.” ವರ್ಷಗಟ್ಟಲೆ ಕೂತ ಹೋಸ್ ಕೋರಿನ ಮೂತಿಗೆ ಅಂಟಿಕೊಂಡಿರುತ್ತದೆ. ಆ ಮೂತಿ ಮೆದು ಲೋಹದ್ದು, ಎಳೆದರೆ ಕಿತ್ತೇ ಬರುತ್ತದೆ, ಆಗ ನಿಜಕ್ಕೂ 1,680 ಡಾಲರ್ ಆಗುತ್ತದೆ. ತಿರುಗಿಸಿದೆ. ಬರಲಿಲ್ಲ. ಹೋಸಿನ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿದರು. ಹೋಸಿಗೆ ಹತ್ತು ಡಾಲರ್, ಕೋರಿಗೆ ಸಾವಿರ, ಯಾವುದನ್ನು ಬಲಿ ಕೊಡುತ್ತೀ ಎಂದರು. ಇಳಿಸಿದ ಹಳೆಯ ಕೂಲಂಟನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಡಬ್ಬಿಗೆ ತುಂಬಿಸಿ ಮುಚ್ಚಿದ್ದೂ ಅವರದೇ ಅಪ್ಪಣೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ನೀರನ್ನು ಮೊದಲು ಉಲ್ಟಾ ದಿಕ್ಕಿನಲ್ಲಿ, ಹೊರಬರುವ ಬಾಯಿಯಿಂದ ಒಳಕ್ಕೆ ಬಿಡಬೇಕು. ಕಸ ಬಂದ ದಾರಿಯಲ್ಲೇ ವಾಪಸು ಹೋಗಲಿ ಎಂದು. ಡ್ರಿಲ್ ಗುರ್ರೆಂದರೂ ಮೊದಲಿಗೆ ಏನೂ ಬರಲಿಲ್ಲ. ಆಮೇಲೆ ಪಾರದರ್ಶಕ ಕೊಳವೆಯಲ್ಲಿ ಕಂದು ಬಣ್ಣದ ದಪ್ಪ ರಾಡಿ ತೆವಳಿಕೊಂಡು ಬಂತು. ಅದರೊಳಗೆ ಬೆಳ್ಳಿಯ ಚೂರುಗಳಂಥ ಏನೋ ಮಿನುಗುತ್ತಿತ್ತು. ಅಜ್ಜಿ ಕುರ್ಚಿಯಿಂದ ಎದ್ದು ಬಂದು ಬಕೆಟ್ಟಿಗೆ ಬಗ್ಗಿ ನೋಡಿ, ಹಿಂದಿನ ಮಾಲೀಕನನ್ನು ಅವರ ಭಾಷೆಯಲ್ಲಿ ಬೈದರು. ಅದು ಸೋರಿಕೆ ಮುಚ್ಚುವ ಪುಡಿಯಂತೆ. ರೇಡಿಯೇಟರಿನಲ್ಲಿ ಸಣ್ಣ ತೂತಾದರೆ ಬೆಸುಗೆ ಹಾಕಿಸುವ ಬದಲು ಕೆಲವು ಡಾಲರಿನ ಈ ಪುಡಿ ಸುರಿಯುತ್ತಾರೆ, ಅದು ತೂತಿಗೆ ಹೋಗಿ ಕೂರುತ್ತದೆ. ಹೆಚ್ಚಾದರೆ ತೂತಿಗೂ ಕೋರಿನ ಸಣ್ಣ ನಾಳಗಳಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವು ಬಗೆಗಳಲ್ಲಿ ಲೋಹದ ಚೂರು, ಇನ್ನು ಕೆಲವು ಗುಳಿಗೆಗಳಲ್ಲಿ ಒಣಶುಂಠಿ ಮತ್ತು ಬಾದಾಮಿ ಸಿಪ್ಪೆಯ ಪುಡಿ ಇರುತ್ತದೆ ಎಂದು ಆಮೇಲೆ ಓದಿ ತಿಳಿದು ನಕ್ಕೆ. ಎಂಜಿನ್ನಿಗೂ ಕಷಾಯ ಕುಡಿಸುತ್ತಾರೆ.

ಹಿಂದಿನ ಮಾಲೀಕನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕಾರು ಮಾರುವಾಗ ಅವನ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಕುರ್ಚಿಗಳಿದ್ದವು, ಬಾಗಿಲಿನ ಜೇಬಿನಲ್ಲಿ ದಿನಸಿಯ ರಿಯಾಯಿತಿ ಚೀಟಿಗಳು. ಅವನಿಗೂ ಯಾವುದೋ ಕೌಂಟರಿನಲ್ಲಿ ಯಾರೋ ಇಂಥದ್ದೇ ಕಾಗದ ಕೊಟ್ಟಿರಬೇಕು. ಅವನು ಪುಡಿ ಸುರಿದ, ಚಳಿಗಾಲ ದಾಟಿದ, ನಮಗೆ ಮಾರಿದ. ಆ ಬೆಲೆಯನ್ನು ಅವನು ತೀರಿಸಲಿಲ್ಲ, ಮುಂದಕ್ಕೆ ದೂಡಿದ. ಕೈ ಖಾಲಿ ಇರುವವರ ನಡುವೆ ಕಾರುಗಳಷ್ಟೇ ಕೈ ಬದಲಾಯಿಸುವುದಿಲ್ಲ.

ವಿನೆಗರ್ ಬೆರೆಸಿದ ಬಿಸಿನೀರು ತುಂಬಿ ಒಂದು ಗಂಟೆ ಬಿಟ್ಟು, ಮತ್ತೆ ತೊಳೆದು, ನೀರು ತಿಳಿಯಾಗುವವರೆಗೆ ಎರಡೂ ದಿಕ್ಕಿನಲ್ಲಿ ಹೊಡೆದೆವು. ಹೊಸ ಕೂಲಂಟನ್ನು ನೀರಿಗೆ ಸಮಸಮ ಬೆರೆಸಿ ತುಂಬಿದ್ದಾಯಿತು. ಆ ಪ್ರಮಾಣದಲ್ಲಿ ಅದು ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಮುಚ್ಚಳ ತೆಗೆದಿಟ್ಟೇ ಎಂಜಿನ್ ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುವುದನ್ನು ಕಾದೆವು. ಹೋಸ್‌ಗಳನ್ನು ಮುಟ್ಟಿ ನೋಡಿದೆ. ಅಜ್ಜಿಯೂ ತಮ್ಮ ಸೊಟ್ಟ ಬೆರಳಿನ ಹಿಂಬದಿಯಿಂದ ಮುಟ್ಟಿದರು.

ಆ ಹಿಂಬದಿಯನ್ನು ಕಂಡಾಗ ಅಪ್ಪನ ನೆನಪಾಯಿತು. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ದೂರದ ಬಸ್ಸು ಬಂದು ನಿಂತರೆ ಮೊದಲು ಚಕ್ರದ ಹಬ್‌ಗಳಿಗೆ ಹೀಗೆಯೇ ಬೆರಳಿನ ಹಿಂಬದಿ ತಾಗಿಸುತ್ತಿದ್ದರು. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಬೇರಿಂಗೋ ಬ್ರೇಕೋ ಕೈಕೊಡುವುದರಲ್ಲಿದೆ ಎಂದು ಅರ್ಥ. ಇದನ್ನು ಅವರು ಅಣ್ಣನಿಗೆ ಹೇಳಿಕೊಟ್ಟರು. ಅಣ್ಣ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಟಯರ್ ಪಂಕ್ಚರ್ ಆದರೆ ಆ್ಯಪ್‌ನಲ್ಲಿ ಜನ ಕರೆಸುತ್ತಾನೆ. ಆಯುಧಪೂಜೆಯ ದಿನ ತೊಳೆದಿಟ್ಟ ಸ್ಪ್ಯಾನರ್‌ಗಳಿಗೆ ಸಾಲಾಗಿ ಕುಂಕುಮ ಇಡುವುದು ನನ್ನ ಪಾಲಿನ ಕೆಲಸವಾಗಿತ್ತು. ಹದಿನಾಲ್ಕರದ್ದು, ಹದಿನೇಳರದ್ದು ಎಂದು ಅಳತೆ ಓದಿ ಇಡುತ್ತಿದ್ದೆ. ಯಾವುದು ಯಾವ ಬೋಲ್ಟಿಗೆ ಎಂದು ಕೇಳಿದರೆ ಅಪ್ಪ ನಗುತ್ತಿದ್ದರು. ಪ್ರೀತಿಯ ನಗುವೇ. ಆದರೂ ಅಪ್ಪನ ಮೇಲೆ ಈ ವಾರ ನನಗೆ ಸಿಟ್ಟು ಬಂದಿದೆ, ಇಷ್ಟು ತಡವಾಗಿ.

ಮುಟ್ಟಿ ನೋಡಿದನೇ ಎಂಬುದು ಪಾಳಿಯಲ್ಲೂ ಬಿಡಲಿಲ್ಲ. ನಾನು ಕೆಲಸ ಮಾಡುವುದು ವೃದ್ಧರ ಆರೈಕೆ ಮನೆಯಲ್ಲಿ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕಡತ. ಹಿಂದಿನ ಪಾಳಿಯವರು ಬರೆದ ಸಾಲನ್ನೇ ಮುಂದಿನವರು ಬೇರೆ ಅಕ್ಷರದಲ್ಲಿ ಬರೆಯುವುದು ಎಲ್ಲ ಕಡೆಯ ರೋಗ. ಒಬ್ಬರ ಕಡತದಲ್ಲಿ ‘ಚಳಿ ಎನ್ನುತ್ತಾರೆ, ಕಂಬಳಿ ಕೊಡಲಾಗಿದೆ’ ಎಂದಿತ್ತು. ತೊಂಬತ್ತು ದಾಟಿದವರು, ಈ ವಯಸ್ಸಿಗೆ ಚಳಿ ಸಹಜ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಂಬಳಿಯೊಳಗೆ ಕೈ ಹಾಕಿ ಪಾದ ಹಿಡಿದೆ. ಬಲಗಾಲಿನ ಸಾಕ್ಸು ಒದ್ದೆಯಾಗಿತ್ತು. ಸಂಜೆಯ ಚಹಾ ಚೆಲ್ಲಿರಬೇಕು. ಎಡಗಾಲು ಬೆಚ್ಚಗೇ ಇತ್ತು. ಸಾಕ್ಸು ಬದಲಿಸಿದ ಮೇಲೆ ಅವರು ಚಳಿ ಎನ್ನಲಿಲ್ಲ, ಚಹಾ ಕೇಳಿದರು. ಹಳೆಯದಕ್ಕೆ ಇಷ್ಟೇ ಎಂದು ವರ್ಷ ನೋಡಿ ತೀರ್ಮಾನಿಸುವುದು ಸುಲಭ. ಕಾರಾದರೂ ಆ ತೀರ್ಪನ್ನು ಕೇಳಿಸಿಕೊಳ್ಳುವುದಿಲ್ಲ, ಮನುಷ್ಯರು ಕೇಳಿಸಿಕೊಂಡು ಒಪ್ಪಿಯೂ ಬಿಡುತ್ತಾರೆ. ನಾನೇನು ಕಡಿಮೆ? ಕೌಂಟರಿನ ಎದುರು ‘ವ್ಯರ್ಥ’ ಎಂಬ ಮಾತಿಗೆ ತಲೆಯಾಡಿಸಿ, ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡು, ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೆ.

ವಿಡಿಯೋ ಕರೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಮೆಚ್ಚುತ್ತಾರೆಂದುಕೊಂಡಿದ್ದೆ. “ಒಮ್ಮೆ ಓಡಿಸಿ ತಣಿಸಿದ ಮೇಲೆ ಕ್ಲಾಂಪ್ ಮತ್ತೆ ಬಿಗಿ ಮಾಡಿದೆಯಾ? ರಬ್ಬರ್ ಕೂರುತ್ತದೆ, ಸಡಿಲವಾಗುತ್ತದೆ” ಎಂದರು. ಅಜ್ಜಿ ಅದನ್ನು ಮರುದಿನವೇ ಮಾಡಿಸಿದ್ದಾರೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಅಜ್ಜಿ ಯಾವ ಲಾರಿ ಓಡಿಸುತ್ತಿದ್ದರು ಎಂದು ವಿಚಾರಿಸಿದರು.

ಈಗ ಗಾಳಿ ಬಿಸಿಯಾಗಿ ಬರುತ್ತದೆ, ಗಾಜು ಐದು ನಿಮಿಷದಲ್ಲಿ ತಿಳಿಯಾಗುತ್ತದೆ. ಪಕ್ಕದ ಸೀಟಿನ ಕಡೆಗೆ ಮಾತ್ರ ಬಿಸಿ ಸ್ವಲ್ಪ ಕಡಿಮೆ. ಅಲ್ಲಿ ಕೂರುವುದು ಯಜಮಾನರು, ಗುಂಪಿಗೆ ಸುದ್ದಿ ಹಾಕಿದವರು, ಆದ್ದರಿಂದ ಅದನ್ನು ಏಪ್ರಿಲ್‌ಗೆ ಮುಂದೂಡಿದ್ದೇನೆ. ಹಿಂದಿನ ಬಲಚಕ್ರ ತಿರುವಿನಲ್ಲಿ ಕಿರುಗುಟ್ಟುತ್ತಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ.