ವಂಡರ್‌ಲಾಗೆ ಹೊರಡುವ ಮೊದಲು ಮಕ್ಕಳ ಎತ್ತರ ಅಳೆಯಿರಿ

ದಸರಾ ರಜೆಗೆ ಶಿವಮೊಗ್ಗದಿಂದ ಅಕ್ಕ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾಳೆ. ಅವರು ಬಸ್ ಹತ್ತುವ ಮೊದಲೇ ಬೇಡಿಕೆ ಬಂದಾಗಿದೆ: ಬೆಂಗಳೂರಿನ ಹೊರಗೆ, ಬಿಡದಿ ಹತ್ತಿರವಿರುವ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾ. ನನ್ನ ಮಗನಿಗೆ ಏಳು, ಮಗಳಿಗೆ ಮೂರು. ಅಕ್ಕನ ಮಕ್ಕಳದ್ದೂ ಹೆಚ್ಚುಕಡಿಮೆ ಅದೇ ವಯಸ್ಸು. ಜೊತೆಗೆ ನಮ್ಮತ್ತೆಯೂ ಬರುತ್ತಾರೆ.

ಅಲ್ಲಿ ವಯಸ್ಸಿಗಿಂತ ಎತ್ತರದ್ದೇ ಲೆಕ್ಕ. 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಡ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಜೋರಾದ ಆಟಗಳಿಗೂ ಇಷ್ಟು ಎತ್ತರ ಇರಲೇಬೇಕು ಅಂತ ಇದೆ.

ಅದಕ್ಕೇ ಮೊನ್ನೆ ಮಗನನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ತಲೆ ಮೇಲೆ ಗಣಿತದ ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಅವನು ಮೆಲ್ಲಗೆ ಹಿಮ್ಮಡಿ ಎತ್ತಿದ. ಭುಜ ಒತ್ತಿ ಮತ್ತೆ ಅಳೆದೆ: 121. ಮೇಲೆ 140ಕ್ಕೆ ಇನ್ನೊಂದು ಗೀಟು ಎಳೆದು, "ನೋಡು ಕಂದಾ, ದೊಡ್ಡ ರೋಲರ್ ಕೋಸ್ಟರ್ ಹತ್ತೋಕೆ ಅಲ್ಲಿವರೆಗೆ ಬೆಳೀಬೇಕು" ಎಂದೆ. ಮುಖ ಸಪ್ಪಗಾಯಿತು. ಆಮೇಲೆ ಎರಡು ಗೀಟಿನ ನಡುವೆ ಕೈಯಿಟ್ಟು ನೋಡಿದ. ಅವನ ಪುಟ್ಟ ಗೇಣಿಗಿಂತ ಸ್ವಲ್ಪ ಜಾಸ್ತಿ. "ಅಷ್ಟೇನಾ ಅಮ್ಮಾ?" ಎಂದು ಆಡಲು ಓಡಿದ.

ಕ್ಯೂನಲ್ಲಿ ನಿಂತು ನಿಂತು, ಇನ್ನೇನು ಸೀಟು ಸಿಕ್ಕಿತು ಅನ್ನುವಾಗ ವಾಪಸ್ ಕಳಿಸಿದ ಮಕ್ಕಳು ಅಳುವುದನ್ನು ನೋಡಿದ್ದೇನೆ. ಕರುಳು ಚುರ್ ಅನ್ನುತ್ತದೆ. ಆ ಬೇಸರ ಏನಿದ್ದರೂ ಮನೆಯಲ್ಲೇ ಮುಗಿಯಲಿ. ಅಕ್ಕನಿಗೂ ಫೋನ್ ಮಾಡಿ, "ಇಬ್ಬರನ್ನೂ ಅಳೆದು ಕಳಿಸೇ" ಅಂತ ಹೇಳಿದೆ.

ನೀರಿನ ಆಟಕ್ಕೆ ಕಾಟನ್ ಬಟ್ಟೆಯಲ್ಲಿ ಬಿಡುವುದಿಲ್ಲ. ನೈಲಾನ್ ಇಲ್ಲವೇ ಪಾಲಿಯೆಸ್ಟರ್ ಆಗಬೇಕು. ಈಗಲೇ ತಂದಿಟ್ಟಿದ್ದೇನೆ. ಮಗಳು ಅದನ್ನೇ ಹಾಕಿಕೊಂಡು ಮನೆತುಂಬ ಓಡಾಡುತ್ತಿದ್ದಾಳೆ. ಓಡಾಡಲಿ, ಹೊಲಿಗೆ ಎಲ್ಲಾದರೂ ಚುಚ್ಚಿದರೆ ಇಲ್ಲೇ ಗೊತ್ತಾಗುತ್ತದಲ್ವಾ?

ಹೊರಗಿನ ತಿಂಡಿ ಒಳಗೆ ಬಿಡದ ಕಾರಣ ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು. ಪಾರ್ಕ್ ಸಾಮಾನ್ಯವಾಗಿ ತೆರೆಯುವುದು ಬೆಳಿಗ್ಗೆ 11ಕ್ಕೆ. ಹಾಗಾಗಿ ಮೊದಲು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಹಿಂದಕ್ಕೆ ಬರುವುದು ಅಂತ ತೀರ್ಮಾನಿಸಿದ್ದೇವೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಿದರೆ ಬಿಡದಿ ಪಕ್ಕದಲ್ಲೇ ದಾಟಿ ಹೋಗುತ್ತದೆ. ಸರ್ವೀಸ್ ರಸ್ತೆಯಲ್ಲೇ ಇರಿ ಎಂದು ನಮ್ಮವರಿಗೆ ಈಗಿನಿಂದಲೇ ಹೇಳುತ್ತಿದ್ದೇನೆ.

ಒಳಗೆ ಹೋದ ಮೇಲೆ ಮಕ್ಕಳ ಆಟಗಳು ಮೊದಲು. ನೀರು ಆಮೇಲೆ, ಬಿಸಿಲು ಏರಿದಾಗ. ಚಿಕ್ಕವರು ಒಮ್ಮೆ ಒದ್ದೆಯಾದರೆ ಹೊರಗೆ ಬರಲು ಕೇಳುವುದಿಲ್ಲ. ಬಟ್ಟೆ ಬದಲಾಯಿಸಿ ಮತ್ತೆ ಒಣ ಆಟಕ್ಕೆ ಎಳೆದುಕೊಂಡು ಹೋಗುವುದು ಸುಮ್ನೆ ಹಿಂಸೆ. ಊಟವಾದ ಮೇಲೆ ಮಗಳಿಗೆ ನಿದ್ದೆ ಬೇಕೇ ಬೇಕು. ನೆರಳಲ್ಲಿ ಕೂತು ನಮ್ಮತ್ತೆ ಅವಳನ್ನು ಮಲಗಿಸಿಕೊಳ್ಳುತ್ತಾರೆ. "ನಂಗೆ ಆ ತಿರುಗೋದೆಲ್ಲ ಬೇಡಮ್ಮ, ಮಗೂನ ನಾನು ನೋಡ್ಕೋತೀನಿ, ನೀವು ಹೋಗ್ಬನ್ನಿ" ಎಂದು ಅವರೇ ಹೇಳಿದ್ದಾರೆ. ಹಿರಿಯರೊಬ್ಬರು ಜೊತೆಗಿದ್ದರೆ ಎಷ್ಟು ನೆಮ್ಮದಿ ಎಂಬುದು ಇಂಥ ದಿನ ಚೆನ್ನಾಗಿ ತಿಳಿಯುತ್ತದೆ.

2005ರಲ್ಲಿ ಈ ಪಾರ್ಕ್ ಶುರುವಾದಾಗ ನಾನು ಪಿಯುಸಿ. ಅಕ್ಕನ ಜೊತೆ ಹೋಗಿ ಒಂದು ಆಟವನ್ನೂ ಬಿಡದೆ ಹತ್ತಿ ಇಳಿದಿದ್ದೆ. ಮಕ್ಕಳೊಂದಿಗೆ ಹಾಗೆ ಆಗುವುದಿಲ್ಲ, ಅರ್ಧ ಪಾರ್ಕ್ ನೋಡಿದರೂ ಸಾಕು. ಆದರೆ ಗಂಡಸರಿಬ್ಬರೂ ದೊಡ್ಡ ಮಕ್ಕಳ ಜೊತೆ ಅಲೆಗಳ ಕೊಳದಲ್ಲಿ ಇರಬೇಕು, ಆ ಹೊತ್ತಿನಲ್ಲಿ ನಾನೂ ಅಕ್ಕನೂ ಆ ದೊಡ್ಡ ರೋಲರ್ ಕೋಸ್ಟರ್ ರೀಕಾಯ್ಲ್ ಹತ್ತಬೇಕು ಅಂತ ಫೋನಿನಲ್ಲೇ ಮಾತಾಗಿದೆ. ನಾವಿಬ್ಬರೂ 140 ದಾಟಿ ಬಹಳ ವರ್ಷ ಆಯಿತು.