ಆರು ಎಚ್‌ಪಿ, ಉದ್ದ ಕಾಲು

ಗಂಗೊಳ್ಳಿ ಅಳಿವೆಯಲ್ಲಿ ಇಂಜಿನ್ ನಿಂತರೆ ಯೋಚನೆ ಮಾಡುತ್ತ ಕೂರಲು ಹೊತ್ತಿರುವುದಿಲ್ಲ. ಪಂಚಗಂಗಾವಳಿಯ ಇಳಿತದ ನೀರು ಹೊರಗೆ ನುಗ್ಗುತ್ತಿರುತ್ತದೆ, ಕಡಲಿನ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾಗುವ ಮರಳುದಿಣ್ಣೆಯ ಮೇಲೆ ಅಡ್ಡ ತಿರುಗಿದ ದೋಣಿ ಮಗುಚುವುದೇ ಹೆಚ್ಚು. ಕಳೆದ ಋತುವಿನಲ್ಲಿ ಯಾರದೋ ಹರಿದ ಬಲೆ ನಮ್ಮ ಬೋಟಿನ ಫ್ಯಾನಿಗೆ (ನೀರು ತಳ್ಳುವ ಪ್ರೊಪೆಲ್ಲರ್) ಸುತ್ತಿಕೊಂಡು ಇಂಜಿನ್ ಬಂದ್ ಆಯಿತು. ಪುಣ್ಯಕ್ಕೆ ಅಳಿವೆಯಿಂದ ಆಚೆಗಿದ್ದೆವು. ಹಿಂದೆ ಬರುತ್ತಿದ್ದವರು ಹಗ್ಗ ಎಸೆದು ದಕ್ಕೆಗೆ ಎಳೆದು ತಂದರು. ಡೀಸೆಲ್ ಇಂಜಿನ್ ಇದ್ದರೂ ಹಿಂಬದಿಗೊಂದು ಸಣ್ಣ ಔಟ್‌ಬೋರ್ಡ್, ಅಂದರೆ ಹಿಂದಿನ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ಬೇಕೇ ಬೇಕು ಎಂದು ಅಣ್ಣಯ್ಯ ತೀರ್ಮಾನಿಸಿದ್ದು ಆಗಲೇ. ಎರಡು ಇಂಜಿನ್ ಕೊಳ್ಳುವ ಶಕ್ತಿ ಇಲ್ಲ, ಅದೇ ಇಂಜಿನ್ ಹೊಳೆಯ ಸಣ್ಣ ದೋಣಿಗೂ ಆಗಬೇಕು.

ಕೇಳಿದವರೆಲ್ಲ ಹೇಳಿದ್ದು 9.9 ಎಚ್‌ಪಿ. ಅದಕ್ಕೆ ಕಾರಣವೂ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ಅವಕಾಶವಿದೆ, ಇಂಜಿನ್ ಮಾತ್ರ 10 ಎಚ್‌ಪಿ ದಾಟಬಾರದು. ಹಾಗಾಗಿ ಆ ಮಿತಿಗೆ ತಾಗುವಷ್ಟು ದೊಡ್ಡದನ್ನೇ ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ದಿನವೂ ಅದೇ ಇಂಜಿನ್ನಿನಲ್ಲಿ ದುಡಿಯುವವರಿಗೆ ಅದು ಸರಿ. ನಮ್ಮ ಕಥೆ ಬೇರೆ.

ಅಂಗಡಿಯಲ್ಲಿದ್ದ ಹಳೆಯ ಮೆಕ್ಯಾನಿಕ್ ಒಬ್ಬರು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, "ಎಚ್‌ಪಿ ಆಮೇಲೆ ಕಾಂಬ. ಮೊದ್ಲ್ ನಿಮ್ ಬೋಟಿನ ಹಿಂದಿನ್ ಹಲ್ಗೆ ಎಷ್ಟ್ ಎತ್ರ ಇತ್ತ್, ಹೇಳಿ" ಎಂದರು. ಅಣ್ಣಯ್ಯ ಅಳತೆ ಬರೆದುಕೊಂಡೇ ಬಂದಿದ್ದ: ಬೋಟಿಗೆ 20 ಇಂಚು, ದೋಣಿಗೆ 15. ಸಣ್ಣ ಔಟ್‌ಬೋರ್ಡ್‌ಗಳ ಕಾಲು, ಅಂದರೆ ಇಂಜಿನ್ನಿನಿಂದ ನೀರಿನೊಳಗಿನ ಫ್ಯಾನಿನವರೆಗೆ ಇಳಿಯುವ ಭಾಗ, ಬರುವುದೂ ಹೆಚ್ಚಾಗಿ ಈ ಎರಡೇ ಉದ್ದದಲ್ಲಿ. ಫ್ಯಾನಿನ ಮೇಲೊಂದು ಅಗಲದ ಪಟ್ಟಿ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲಾದರೆ ಫ್ಯಾನ್ ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಗಿಡ್ಡ ಕಾಲಿನದನ್ನು ಬೋಟಿಗೆ ಹಾಕಿದರೆ ಹೊಳೆಯಲ್ಲಿ ಏನೂ ಗೊತ್ತಾಗದು. ಅಲೆಗೆ ಹಿಂಬದಿ ಎದ್ದಾಗ ಫ್ಯಾನ್ ನೀರಿನಿಂದ ಹೊರಗೆ ಬಂದು ಕಿರುಚುತ್ತದೆ. ನಮಗೆ ಇಂಜಿನ್ ಬೇಕಿರುವುದೇ ಆ ಗಳಿಗೆಗೆ. ಹಾಗಾಗಿ ಉದ್ದ ಕಾಲು ಎಂದು ಅಲ್ಲೇ ನಿರ್ಧಾರವಾಯಿತು. ದೋಣಿಯಲ್ಲಿ ಅದು ಐದಿಂಚು ಹೆಚ್ಚು ಇಳಿದು, ನೀರು ಇಳಿದಾಗ ಮರಳಿಗೆ ತಾಗುತ್ತದೆ. ಅದಕ್ಕೆ ದೋಣಿಯ ಹಿಂದಿನ ಹಲಗೆಯನ್ನೇ ಐದಿಂಚು ಎತ್ತರಿಸಿ, ಒಳಗಿನಿಂದ ಎರಡು ಊರುಗೋಲು ಕೊಟ್ಟು ಬೋಲ್ಟ್ ಹಾಕಿಸಿದೆವು.

ಆಮೇಲೆ ತೂಕ. "ಒಬ್ನೇ ಎತ್ತೂಕೆ ಆಯ್ಕ್, ಅಷ್ಟೇ" ಎಂದು ಅಣ್ಣಯ್ಯ ಮೊದಲಿನಿಂದಲೂ ಹೇಳುತ್ತಿದ್ದ. ಫೋರ್ ಸ್ಟ್ರೋಕಿನಲ್ಲಿ 9.9 ಎಂದರೆ 40 ಕೆ.ಜಿ. ಆಸುಪಾಸು. ಹಲವು ಕಂಪನಿಗಳ 4, 5, 6 ಎಚ್‌ಪಿ ಇಂಜಿನ್‌ಗಳು ಒಂದೇ ಬ್ಲಾಕಿನವು, ತೂಕ 26-27 ಕೆ.ಜಿ. ಹೊರುವ ಭಾರ ಅಷ್ಟೇ ಆದ ಮೇಲೆ ಆರನ್ನು ಬಿಟ್ಟು ನಾಲ್ಕು ಯಾಕೆ? ಆರು ಎಚ್‌ಪಿ ಸಾಲದು ಎನ್ನುವವರಿಗೆ ನಾನು ಹೇಳುವುದಿಷ್ಟು: 24 ಅಡಿಯ, ನೀರು ಸೀಳಿಕೊಂಡು ಹೋಗುವ ಬೋಟಿಗೆ ತಾನೆಬ್ಬಿಸುವ ಅಲೆಯೇ ಅಡ್ಡ, ಆರು ನಾಟ್ ದಾಟಿಸಲು ಎಷ್ಟು ಕುದುರೆ ಕಟ್ಟಿದರೂ ಎಣ್ಣೆ ಸುಡುತ್ತದೆ ಅಷ್ಟೇ. ಬಲೆ, ಮಂಜುಗಡ್ಡೆ, ಆಳು ಸೇರಿ ಒಂದೂವರೆ ಟನ್ನಿನ ಬೋಟನ್ನು ಎದುರಲೆಗೆ ನೇರ ಹಿಡಿದು ನಿಧಾನಕ್ಕೆ ಒಳಗೆ ತರಲು ಆರು ಸಾಕು. ಫ್ಯಾನ್ ಮಾತ್ರ ಕಡಿಮೆ ಪಿಚ್‌ನದ್ದೇ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ಸಾಗುವಂಥದ್ದೇ, ಬೇಕೆಂದು ಹಟ ಹಿಡಿದು ಬದಲಿಸಿಕೊಂಡೆವು. ಇಂಜಿನ್ ಜೊತೆ ಬಂದಿದ್ದು ಹಗುರ ದೋಣಿಯ ಓಟಕ್ಕೆ ಮಾಡಿದ್ದು, ಭಾರ ತಳ್ಳಲು ಅಲ್ಲ.

ಸೀಮೆಎಣ್ಣೆ ಇಂಜಿನ್ ಬೇಡವೆಂದದ್ದು ನಾನು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರುವ ಆ ಕ್ರಮ ನಾಡದೋಣಿಯವರಿಗೆ ಕೈವಶ. ವಾರಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಒಂದೇ ಎಳೆತಕ್ಕೆ ಏಳಬೇಕಾದ ಇಂಜಿನ್ನಿಗೆ ಅದು ಹೊಂದುವುದಿಲ್ಲ.

ಇಂಜಿನ್ ತಂದು ಕೂರಿಸಿದ ಸಂಜೆಯೇ ಕೋಡಿ ಬದಿಗೆ ಹೋಗಿ ಇಳಿತದ ಎದುರು ಓಡಿಸಿ ನೋಡಿದೆವು. ಡೀಸೆಲ್ ಬಂದ್ ಮಾಡಿ ಅಣ್ಣಯ್ಯ ಹಗ್ಗ ಎಳೆದ. ಇಂಜಿನ್ನಿನ ಬದಿಯಿಂದ ಕಿರುಬೆರಳು ದಪ್ಪದ ನೀರು ಸೊರ್ರನೆ ಹಾರಿತು. ಇಂಜಿನ್ ತಂಪಾಗಿಡುವ ಪಂಪಿನ ಚಕ್ರ, ಇಂಪೆಲ್ಲರ್, ನೀರು ಎಳೆಯುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಬೋಟು ತುಸು ತಡೆದು, ಆಮೇಲೆ ಮೂತಿ ನೇರ ಮಾಡಿಕೊಂಡು ಹರಿವಿಗೆ ಎದುರಾಗಿ ಹೊರಟಿತು. ನೀರಿಗೆ ಬೀಳದಂತೆ ಇಂಜಿನ್ನಿಗೊಂದು ಹಗ್ಗ ಬಿಗಿದು, ಅಲ್ಲೇ ಬೋಟಿನಿಂದ ದೋಣಿಗೆ ದಾಟಿಸಿಯೂ ನೋಡಿದೆವು. ಅಣ್ಣಯ್ಯ ಒಬ್ಬನೇ ಎತ್ತಿದ.

ಈಗ ಪ್ರತಿ ವಾರ ಸಿಹಿನೀರಿನ ಡ್ರಮ್ಮಿನಲ್ಲಿ ಕಾಲು ಮುಳುಗಿಸಿ ಓಡಿಸುತ್ತೇನೆ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ಕಾರ್ಬುರೇಟರ್ ಖಾಲಿಯಾಗಿ ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಮಲಗಿಸುವುದಿದ್ದರೆ ಕಂಪನಿ ಗುರುತು ಮಾಡಿದ ಮಗ್ಗುಲಿಗೇ, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಜೂನ್‌ಗೆ ಡೀಸೆಲ್ ಬೋಟು ದಡ ಸೇರಿದ ಮೇಲೆ ಇದೇ ಇಂಜಿನ್ ದೋಣಿಯಲ್ಲಿ ದುಡಿಯಬೇಕು. ಅಷ್ಟರೊಳಗೆ ಒಂದು ಇಂಪೆಲ್ಲರ್, ಎರಡು ಪ್ಲಗ್, ಒಂದು ಸ್ಟಾರ್ಟರ್ ಹಗ್ಗ ತಂದಿಡಬೇಕು.