ಸ್ನೋ ಬೀಳುವ ಮುಂಚೆ ಅಮ್ಮನ ಕಾಲಿಗೆ ಬಲ: ಜನವರಿವರೆಗಿನ ಲೆಕ್ಕ

ಅಮ್ಮನಿಗೆ 68 ವರ್ಷ. ತಿಪಟೂರಿನಿಂದ ಬ್ರಾಂಪ್ಟನ್‌ಗೆ ಬಂದಿದ್ದಾರೆ, ಇದು ಅವರ ಮೊದಲ ಕೆನಡಾ ಚಳಿಗಾಲ. ಐಸ್ ಮೇಲೆ ಜಾರಿದವರು ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಪಕ್ಕಕ್ಕೆ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದರಿಂದ ಈ ವಯಸ್ಸಿನ ಹೆಂಗಸರಿಗೆ ಅಪಾಯ ಜಾಸ್ತಿ. ಬೂಟು, ಐಸ್ ಕರಗಿಸುವ ಉಪ್ಪು ಎಲ್ಲ ನವೆಂಬರ್‌ನಲ್ಲಿ ತಂದರೂ ಆಗುತ್ತದೆ. ಕಾಲಿನ ಬಲ ಅಂಗಡಿಯಲ್ಲಿ ಸಿಗುವುದಿಲ್ಲ ಅಲ್ವಾ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಬಿಸಿಲಿರುವಾಗಲೇ ಶುರು ಮಾಡಿದೆವು.

ಸೆಪ್ಟೆಂಬರ್

ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಫಿಸಿಯೋ ಹತ್ತಿರ ಹೋಗಲು ಡಾಕ್ಟರ್ ಚೀಟಿ ಬೇಕಿಲ್ಲ. ದುಡ್ಡು ಮಾತ್ರ ನಮ್ಮದೇ. ಸೂಪರ್ ವೀಸಾದಲ್ಲಿ, ಅಂದರೆ ಇಲ್ಲಿರುವವರ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆ ಕೊಡುವ ವೀಸಾದಲ್ಲಿ, ಬಂದವರಿಗೆ ಇಲ್ಲಿನ ಸರ್ಕಾರಿ ವಿಮೆ ಸಿಗುವುದಿಲ್ಲ.

ಮೊದಲ ದಿನ ಬರೀ ಪರೀಕ್ಷೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಅಂತ ನೋಡಿದರು. ಅಮ್ಮ 8. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಮ್ಮಿಯಾದರೆ ಬೀಳುವ ಅಪಾಯವಿದೆ ಅಂತ ಲೆಕ್ಕ. ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು 14 ಸೆಕೆಂಡ್ ಆಯಿತು. 12ರೊಳಗೆ ಮುಗಿಯಬೇಕು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲಲು ಆಗಲೇ ಇಲ್ಲ. "ನಾನೇನು ಸರ್ಕಸ್ಸಿಗೆ ಸೇರ್ತೀನಾ?" ಅಂದರು ಅಮ್ಮ.

ಫಿಸಿಯೋ ಕೊಟ್ಟಿದ್ದು ಒಟಾಗೊ ವ್ಯಾಯಾಮ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ವಯಸ್ಸಾದವರಿಗೆಂದೇ ರೂಪಿಸಿದ್ದು. ವಾರಕ್ಕೆ 3 ಸಲ ಸುಮಾರು ಅರ್ಧ ಗಂಟೆ, ಅದರ ಜೊತೆಗೆ ನಡಿಗೆ. ನಾಲ್ಕು ಪ್ರಯೋಗಗಳ ಫಲಿತಾಂಶ ಒಟ್ಟು ಹಾಕಿ ನೋಡಿದಾಗ ಬೀಳುವುದು 35% ಕಮ್ಮಿಯಾಗಿತ್ತು.

ಅಕ್ಟೋಬರ್

ಅಡುಗೆಮನೆ ಕಟ್ಟೆಯೇ ನಮ್ಮ ಜಿಮ್. ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು, ಹಿಂದಕ್ಕೆ ನಡೆಯುವುದು, ಇವೆಲ್ಲ ಬೇಗ ಬಂದವು. ಕಾಡಿದ್ದು ಕಾಲನ್ನು ಪಕ್ಕಕ್ಕೆ ಎತ್ತುವುದು. ಕಾಲಿಗೆ ಒಂದು ಕೆಜಿ ತೂಕದ ಪಟ್ಟಿ ಕಟ್ಟಿದ ಕೂಡಲೇ ಅಮ್ಮ ಮೈಯನ್ನೇ ಇನ್ನೊಂದು ಕಡೆಗೆ ವಾಲಿಸುತ್ತಿದ್ದರು. ಪಾದವೂ ಹೊರಕ್ಕೆ ತಿರುಗುತ್ತಿತ್ತು. ಹಾಗೆ ತಿರುಗಿದರೆ ತೊಡೆಯ ಮುಂಭಾಗ ಕೆಲಸ ಕದ್ದುಬಿಡುತ್ತದೆ, ಸೊಂಟದ ಪಕ್ಕದ ಸ್ನಾಯು ಸುಮ್ನೆ ಇರುತ್ತದೆ. ಕಾಲು ಜಾರಿದಾಗ ಮೈಯನ್ನು ಪಕ್ಕಕ್ಕೆ ಬೀಳದಂತೆ ಹಿಡಿಯುವುದು ಅದೇ ಸ್ನಾಯು. ಪಟ್ಟಿ ಬಿಚ್ಚಿದೆವು. ಬೆರಳು ನೇರ ಮುಂದಕ್ಕೆ, ಎತ್ತುವುದು ಗೇಣಷ್ಟೇ, ಇಳಿಸುವುದು ನಿಧಾನ. ಕುಕ್ಕರ್ ಎರಡು ವಿಷಲ್ ಕೂಗುವವರೆಗೆ ಬಲಗಾಲು, ಆಮೇಲೆ ಎಡಗಾಲು. ಈ ಪದ್ಧತಿ ಅಮ್ಮನದೇ. ತಿಂಗಳ ಕೊನೆಗೆ ಪಟ್ಟಿ ವಾಪಸ್ ಬಂತು.

ಸೀರೆಯಲ್ಲಿ ಇದ್ಯಾವುದೂ ಸರಿಹೋಗಲಿಲ್ಲ. ಚೂಡಿದಾರ್ ತಂದೆವು.

ನವೆಂಬರ್

ಬೂಟಿನ ತಿಂಗಳು. ಟೊರೊಂಟೊದ ಕೈಟ್ ಸಂಶೋಧನಾ ಸಂಸ್ಥೆಯಲ್ಲಿ ಐಸ್ ನೆಲವನ್ನು ಓರೆ ಮಾಡಿ, ಅದರ ಮೇಲೆ ಜನರನ್ನು ನಡೆಸಿ ಬೂಟುಗಳಿಗೆ ಅಂಕ ಕೊಡುತ್ತಾರೆ. 7 ಡಿಗ್ರಿ ಇಳಿಜಾರಿನಲ್ಲಿ ಜಾರದಿದ್ದರೆ ಒಂದು ಸ್ನೋಫ್ಲೇಕ್ ಗುರುತು. ಬೆಲೆ ನೋಡಿ ಬೂಟು ಕೊಳ್ಳುವುದಕ್ಕಿಂತ ಆ ಅಂಕಗಳ ಪಟ್ಟಿ ನೋಡುವುದು ಎಷ್ಟೋ ವಾಸಿ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಹೊರಗಡೆಗೆ ಮಾತ್ರ. ಅಂಗಡಿಯೊಳಗಿನ ಟೈಲ್ಸ್ ಮೇಲೆ ಅದೇ ಜಾರುತ್ತದೆ.

ಪೆಂಗ್ವಿನ್ ನಡಿಗೆಯನ್ನು ಮನೆಯೊಳಗೇ ಕಲಿತರು. ಪಾದ ಸ್ವಲ್ಪ ಹೊರಕ್ಕೆ, ಹೆಜ್ಜೆ ಚಿಕ್ಕದು, ಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ಕೊನೆಯದೇ ಕಷ್ಟ. ಚಳಿಗೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಒಳ್ಳೆ ಗ್ಲೌಸ್ ಕೊಟ್ಟ ಮೇಲೆ ಸರಿಹೋಯಿತು.

ಡಿಸೆಂಬರ್

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ವಾರಗಳು. ಕಣ್ಣಿಗೆ ಕಾಣದ ಬ್ಲ್ಯಾಕ್ ಐಸ್ ಆಗುವುದು ಆಗಲೇ. ಮೈನಸ್ 10 ಡಿಗ್ರಿಯ ಕೆಳಗೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೆಟ್ಟಿಲಿಗೆ ಮರಳು ಎರಚಿದೆ.

ಬಿದ್ದರೆ ಏಳುವುದು ಹೇಗೆ ಅಂತಲೂ ಫಿಸಿಯೋ ಇದೇ ತಿಂಗಳು ಕಲಿಸಿದರು. ತಕ್ಷಣ ಎದ್ದೇಳಬಾರದು. ನೋವಿದೆಯಾ ನೋಡಬೇಕು. ಆಮೇಲೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿಯಾದ ಏನನ್ನಾದರೂ ಹಿಡಿದು ಒಂದು ಪಾದ ಊರಿ ಏಳಬೇಕು. ಇದರಲ್ಲಿ ಅಮ್ಮ ನನಗಿಂತ ಚುರುಕು. ಮಣೆ ಮೇಲೆ ಕೂತು ಉಂಡವರು.

ಜನವರಿ

ಮರುಪರೀಕ್ಷೆ ಆಯಿತು. ಕುರ್ಚಿಯಿಂದ ಏಳುವುದು 12, ನಡೆದು ಬರುವುದು 11 ಸೆಕೆಂಡ್. ಹಿಮ್ಮಡಿಗೆ ಬೆರಳು ತಾಗಿಸಿ 10 ಸೆಕೆಂಡ್ ನಿಂತರು. ಒಂಟಿ ಕಾಲಿನ ನಿಲುವು ಇನ್ನೂ ಅಲುಗಾಡುತ್ತದೆ. ಭಯವೂ ಪೂರ್ತಿ ಹೋಗಿಲ್ಲ. ಐಸ್ ಕಂಡರೆ ಮೈ ಬಿಗಿ ಹಿಡಿಯುತ್ತಾರೆ, ಬಿಗಿ ಹಿಡಿದರೆ ಹೆಜ್ಜೆ ಕೆಡುತ್ತದೆ. ಅದಕ್ಕೆ ಈಗ ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ನನ್ನ ತೋಳು ಹಿಡಿಯದೆ ಪಕ್ಕದಲ್ಲಿ ನಡೆಯುವ ಅಭ್ಯಾಸ ನಡೆದಿದೆ. ಮುಂದಿನದು ಕೈಯಲ್ಲಿ ಚೀಲ ಹಿಡಿದು, ಮಾತಾಡುತ್ತಾ ನಡೆಯುವುದು. ಮಾತಿಗೆ ಬರವಿಲ್ಲ.

ಮಾರ್ಚ್‌ನಲ್ಲಿ ಊರಿಗೆ ವಾಪಸ್. ಅಲ್ಲಿ ಐಸ್ ಇಲ್ಲ, ಬಚ್ಚಲಿನ ಕಡಪ ಕಲ್ಲು ಇದೆ. ಗೋಡೆಗೆ ಹಿಡಿಕೆ ಹಾಕಿಸಲು ತಮ್ಮನಿಗೆ ಹೇಳಿದ್ದೇನೆ. ಗಾರೆ ಕೆಲಸದವರು ಮುಂದಿನ ವಾರ ಬರುತ್ತಾರಂತೆ.